ನಡಿಯೋ ಮಷೀನು

“ಅದು ನಮ್ಮ ಮನ್ಯಾಗ ನಡಿಯಂಗಿಲ್ಲ” ಎಂದವಳು ನಮ್ಮ ಸೋದರತ್ತೆ ದೊಡ್ಡಬಸಮ್ಮ. ಅರವತ್ತರ ದಶಕದಲ್ಲಿ, ಕುರುಗೋಡಿನ ನಮ್ಮ ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ, ಅಪ್ಪನ ಮುಖ ನೋಡದೆ ಹೇಳಿದ್ದಳು. ನಡೆಯುವುದಿಲ್ಲ ಎಂದದ್ದು ನಾನು ಬಳ್ಳಾರಿಗೆ ಹೋಗಿ ಕಾಲೇಜು ಓದುವ ವಿಚಾರ. ಅದು ನಡೆಯಿತು, ಹೇಗೆಂದು ಮುಂದೆ ಹೇಳುತ್ತೇನೆ. ಇಷ್ಟು ವರ್ಷಗಳ ಮೇಲೆ ಆ ಮಾತು ನೆನಪಾದದ್ದಕ್ಕೆ ಕಾರಣ ಹೊಸ ರಬ್ಬರಿನ ವಾಸನೆ.

ಬ್ರೂಸ್‌ಪೇಟೆಯ ಸೈಕಲ್ ಅಂಗಡಿಗಳ ಮುಂದೆ ಹಾದವರಿಗೆ ಆ ವಾಸನೆ ಗೊತ್ತು. ಟೈರು, ಟ್ಯೂಬು, ಗ್ರೀಸು, ಅದರ ಮೇಲೊಂದಿಷ್ಟು ಊದುಬತ್ತಿ. ಈ ಬೇಸಿಗೆಯ ಮೊದಲಲ್ಲಿ ಅಂಥದೊಂದು ಅಂಗಡಿಯ ಒಳಕೋಣೆಯಲ್ಲಿ ನಾನು ಒಂದು ಯಂತ್ರದ ಎದುರು ನಿಂತಿದ್ದೆ. ಕಬ್ಬಿಣದ ಚೌಕಟ್ಟು, ಹಿಡಿದುಕೊಳ್ಳಲು ಎರಡು ಸರಳು, ಕೆಳಗೆ ಕಪ್ಪು ರಬ್ಬರಿನ ಅಗಲ ಪಟ್ಟಿ. ಪಟ್ಟಿಯ ಮೇಲೆ ನಿಂತು ಕಾಲು ಹಾಕಿದರೆ ಅದು ಉರುಳೆಗಳ ಮೇಲೆ ಹಿಂದಕ್ಕೆ ಸರಿಯುತ್ತದೆ, ನಾವು ಇದ್ದಲ್ಲೇ ಇರುತ್ತೇವೆ. ಕರೆಂಟು ಬೇಡ. ಜಿನ್ನಿಂಗ್ ಮಿಲ್ಲಿನ ಸಾಹುಕಾರರೊಬ್ಬರು ಮದ್ರಾಸಿನಿಂದ ತರಿಸಿ, ಬಂದ ಮೇಲೆ ಬೇಡವೆಂದರಂತೆ. ಅಂಗಡಿಯವನು ಅದರ ಸರಳುಗಳಿಗೆ ಟ್ಯೂಬು ನೇತು ಹಾಕಿಕೊಂಡಿದ್ದ.

“ನಡೀತೈತೇನ್ರಿ ಇದು?” ಎಂದೆ. ಕೆಟ್ಟಿಲ್ಲ ತಾನೇ ಎಂದು ನನ್ನ ಅರ್ಥ.

“ಇದು ನಡಿಯಂಗಿಲ್ರಿ ಮೇಡಂ. ನೀವು ನಡೀಬೇಕು” ಎಂದ ಅವನು, ಗಂಭೀರವಾಗಿ.

ನನಗೆ ನಗುವೂ ಬಂತು, ಕಟ್ಟೆಯ ಮೇಲಿನ ಅತ್ತೆಯೂ ಕಣ್ಣಿಗೆ ಬಂದಳು. ನಮ್ಮ ಕಡೆ ಮನುಷ್ಯನೂ ನಡೆಯುತ್ತಾನೆ, ಗಡಿಯಾರವೂ ನಡೆಯುತ್ತದೆ, ಹರಿದ ಸೀರೆಯೂ ಇನ್ನೊಂದು ವರ್ಷ ನಡೆಯುತ್ತದೆ. ಒಂದು ಮಾತಿಗೆ ಇಷ್ಟೆಲ್ಲ ಕೆಲಸ ಹಚ್ಚಿದರೆ ಎಡವಟ್ಟಾಗದೆ ಇರುತ್ತದೆಯೇ?

ನಾನು ಆ ಅಂಗಡಿಗೆ ಹೋಗಬೇಕಾಗಿ ಬಂದದ್ದು ಡಾಕ್ಟರಮ್ಮನಿಂದ. ಬಳ್ಳಾರಿಯ ಖಾಸಗಿ ಶಾಲೆಯೊಂದರಲ್ಲಿ ಬಹಳ ವರ್ಷ ಪಾಠ ಹೇಳಿದ ಮೇಲೆ, ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಸರ್ಕಾರದ ಆರ್ಡರು ಬಂದಿತ್ತು. ಜೂನಿನಲ್ಲಿ ಹೋಗಿ ಸೇರಿಕೊಳ್ಳಬೇಕು, ಸೇರುವಾಗ ಆರೋಗ್ಯದ ಸರ್ಟಿಫಿಕೇಟು ಕೊಡಬೇಕು. ಅದೇನು ಮಹಾ ಎಂದು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ರಬ್ಬರಿನ ಬುರುಡೆ ಒತ್ತಿ, ಪಾದರಸ ನೋಡಿದರು. ಮತ್ತೊಮ್ಮೆ ಒತ್ತಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

“ಬಿ.ಪಿ. ಬಹಳ ಮೇಲಿದೆ ಅಮ್ಮಾ. ಈಗ ಬರೆದುಕೊಟ್ಟರೆ ಸುಳ್ಳು ಬರೆದ ಹಾಗಾಗುತ್ತದೆ. ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ. ಶಾಲೆ ಸುರುವಾಗೋ ಮೊದಲು ಬನ್ನಿ, ನೋಡೋಣ.”

“ಇಳೀದಿದ್ದರೆ?”

“ಇಳೀದಿದ್ದರೆ ನಾನು ಸಹಿ ಹಾಕೋದಿಲ್ಲ.”

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲನೆಯವಳು ನಾನು. ಇನ್ನೊಬ್ಬರ ಸಹಿಗಾಗಿ ನನ್ನ ಮೈಯೇ ಪರೀಕ್ಷೆಗೆ ಕೂತದ್ದು ಅದೇ ಮೊದಲು. ಜೂನಿಗೆ ಹೋಗದಿದ್ದರೆ ಪಟ್ಟಿಯಲ್ಲಿ ನನ್ನ ಹಿಂದಿದ್ದವರು ಹೋಗುತ್ತಾರೆ. ಸರ್ಕಾರ ನನ್ನ ಬಿ.ಪಿ. ಇಳಿಯಲೆಂದು ಕಾಯುತ್ತ ಕೂರುವುದಿಲ್ಲ.

ಹಾಗಾದರೆ ಬೀದಿಯಲ್ಲಿ ನಡೆದರಾಯಿತಲ್ಲ ಎನ್ನುತ್ತೀರಿ. ನೀವು ನಮ್ಮ ಕೌಲ್ ಬಜಾರಿನ ಓಣಿಗೆ ಬಂದಿಲ್ಲ. ಮೊದಲ ದಿನ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ ಹೊರಬಿದ್ದೆ. ಎದುರುಮನೆಯ ದರ್ಜಿ ಹುಸೇನ್ ಸಾಬರು ಹಲ್ಲುಪುಡಿ ತಿಕ್ಕುತ್ತಿದ್ದವರು ಬೆರಳು ತೆಗೆದು, “ಎತ್ತಾಗ ಹೊಂಟ್ರಿ ಟೀಚರಮ್ಮ?” ಎಂದರು. ನಮ್ಮಲ್ಲಿ ಇದು ಪ್ರಶ್ನೆಯಲ್ಲ, ನಮಸ್ಕಾರ. ಆದರೆ ಉತ್ತರ ಕೊಡಲೇಬೇಕು. ಸುಮ್ಮನೆ ಎಂದರೆ ಮರ್ಯಾದೆಯಿಲ್ಲ. ಮದುವೆಯಿಲ್ಲದ ಹೆಂಗಸು ಹೊತ್ತು ಮೂಡುವ ಮೊದಲು ಸುಮ್ಮನೆ ಎತ್ತಲೋ ಹೊರಟಳೆಂದರೆ ಓಣಿಗೆ ಒಂದು ವಾರದ ಊಟ. “ಬ್ರೂಸ್‌ಪೇಟಿಗಿ” ಎಂದುಬಿಟ್ಟೆ.

“ಹಂಗಾದ್ರ ಬರೋವಾಗ ಒಂದು ನಂಬರ್ ದಾರದ ಉಂಡಿ ತರ್ರೀ. ಕಪ್ಪುದು.”

ಅಂಗಡಿ ತೆಗೆಯುವವರೆಗೂ ಕಾದು ಕಪ್ಪು ದಾರ ತಂದೆ. ಮರುದಿನ ಗುಡಿಗೆ ಎಂದೆ. ತಿರುವಿನ ಮನೆಯವರು ಕಾಯಿ ಕೊಟ್ಟು ಒಡೆಸಿಕೊಂಡು ಬರಲು ಹೇಳಿದರು. ನಾಲ್ಕಾರು ದಿನಗಳಲ್ಲಿ ನನ್ನ ಸುಳ್ಳುಗಳೆಲ್ಲ ನಿಜವಾಗಿ, ಕೈಯಲ್ಲಿ ಚೀಲವಾಗಿ, ನಾನು ಓಣಿಯ ಬಿಟ್ಟಿ ಆಳಾಗಿದ್ದೆ. ಬಿ.ಪಿ. ಇಳಿಯುವ ಲಕ್ಷಣ ಕಾಣಲಿಲ್ಲ.

ಇನ್ನೊಂದು ಮಾತೂ ಇದೆ, ಅದನ್ನು ನಿಮಗೆ ಬಿಟ್ಟು ಯಾರಿಗೂ ಹೇಳಿಲ್ಲ. ಕುರುಗೋಡಿನಲ್ಲಿ ನಡೆಯುವವರು ಯಾರು? ಬಂಡಿ ಇಲ್ಲದವರು. ಹೊಲಕ್ಕೆ ನಡೆಯುವುದು, ನೀರಿಗೆ ನಡೆಯುವುದು, ಸೌದೆಗೆ ನಡೆಯುವುದು. ಅಪ್ಪ ಅತ್ತೆಯ ಮಾತಿಗೆ ಎದುರು ಹೇಳದೆ, “ನಡಸಿ ನೋಡಾನು” ಎಂದಷ್ಟೇ ಅಂದು ನನ್ನನ್ನು ಬಳ್ಳಾರಿಯ ಹಾಸ್ಟೆಲಿಗೆ ಬಿಟ್ಟ. ಅಲ್ಲಿಯೂ ನಡೆದೆ. ಬೇರೆ ಹುಡುಗಿಯರು ಜಟಕಾದಲ್ಲಿ, ಸೈಕಲ್ ರಿಕ್ಷಾದಲ್ಲಿ ಬರುವಾಗ ನಾನು ಪುಸ್ತಕ ಎದೆಗವಚಿಕೊಂಡು ಬಿಸಿಲಲ್ಲಿ ನಡೆದೆ. ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು, ಮತ್ತೆ ಕಟ್ಟಿ, ಬಿ.ಎ. ಆದೆ. ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಆದರೆ ಆ ಓದಿನ ಒಳಗಿನ ಆಸೆ ಬಹಳ ಸಣ್ಣದು: ಮುಂದೆ ಎಂದಾದರೂ ನಡೆಯದೆ ಇರಬೇಕು. ಈಗ ಡಾಕ್ಟರಮ್ಮ ಆ ನಡಿಗೆಯನ್ನೇ ಔಷಧವೆಂದು ಬರೆದುಕೊಟ್ಟಿದ್ದರು.

ಹೀಗಾಗಿ ಮಷೀನು. ಮನೆಯೊಳಗೆ, ಬಾಗಿಲು ಹಾಕಿಕೊಂಡು, ಓದಿದವರು ನಡೆಯುವ ಹಾಗೆ ನಡೆಯುವುದು. ಅಂಗಡಿಯವನು ಟ್ಯೂಬುಗಳನ್ನು ತೆಗೆದು, “ಹತ್ರಿ ಮೇಡಂ, ಪರವಾಗಿಲ್ಲ, ಪರ್ವಾಲೇದು” ಎಂದ, ತೆಲುಗು ಬೆರೆಸಿ. ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತಿದೆ. ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ನೋಡುತ್ತ ಬಹಳ ಹೊತ್ತು ನಡೆದೆ. ಇಳಿದಾಗ ಲಕ್ಷ್ಮಿ ಅಲ್ಲೇ ಇದ್ದಳು, ನೆಲ ಮಾತ್ರ ಓಡುತ್ತಿತ್ತು. ಅವನು ಕೊಟ್ಟ, ಮಷೀನಿನ ವಿವರ ಬರೆದ ಇಂಗ್ಲಿಷ್ ಹಾಳೆಯನ್ನು ತಿಳಿದವಳಂತೆ ತಲೆಯಾಡಿಸಿ ಓದಿದೆ. ನಾನು ಓದಿದ್ದು ಕನ್ನಡ ಮತ್ತು ಚರಿತ್ರೆ. ರಾಜರು ಬೇರಿಂಗಿಗೆ ಎಣ್ಣೆ ಬಿಟ್ಟದ್ದು ನನ್ನ ಪಠ್ಯದಲ್ಲಿರಲಿಲ್ಲ. “ನಾಳಿ ಹೇಳ್ತೀನ್ರಿ” ಎಂದು ಬಂದೆ.

ಮನೆಗೆ ಬಂದು ಹಗ್ಗದಿಂದ ಕೋಣೆ ಅಳೆದೆ. ಮಂಚ ಹೊರಗಿಟ್ಟರೆ ಮಷೀನು ಹಿಡಿಯುತ್ತದೆ. ಮಷೀನು ತಂದರೆ ಮಲಗುವುದೆಲ್ಲಿ? ಸಿರುಗುಪ್ಪಕ್ಕೆ ಹೋಗಲೆಂದು ತರುವ ಮಷೀನನ್ನು ಸಿರುಗುಪ್ಪಕ್ಕೆ ಒಯ್ಯುವುದು ಹೇಗೆ? ತಂದ ಮೇಲೂ ಬಿ.ಪಿ. ಇಳಿಯದಿದ್ದರೆ ಕೆಲಸವೂ ಇಲ್ಲ, ಮಂಚವೂ ಇಲ್ಲ. ಬೆಳಿಗ್ಗೆ ಬೇಕೆನಿಸಿದ್ದು ಮಧ್ಯಾಹ್ನ ಬೇಡವೆನಿಸುತ್ತಿತ್ತು. ಸಲಹೆ ಕೇಳೋಣವೆಂದು ಹುಸೇನ್ ಸಾಬರಿಗೆ, “ನಡಿಯೋ ಮಷೀನು ತಗೋಬೇಕು ಅಂತ ಮಾಡೀನ್ರಿ, ಡಾಕ್ಟರು ಹೇಳ್ಯಾರ” ಎಂದೆ. ಅವರು “ಅಲ್ಲಾ!” ಎಂದು ಕತ್ತರಿ ಕೆಳಗಿಟ್ಟರೇ ವಿನಾ ಸಲಹೆ ಕೊಡಲಿಲ್ಲ.

ಹುಸೇನ್ ಸಾಬರ ತಂಗಿಯನ್ನು ಕೊಟ್ಟದ್ದು ಕುರುಗೋಡಿಗೆ. ಅದನ್ನು ನಾನು ಮರೆತಿದ್ದೆ.

ಎರಡು ದಿನ ಕಳೆದಿರಬೇಕು. ಬಾಗಿಲಲ್ಲಿ ಅತ್ತೆ ದೊಡ್ಡಬಸಮ್ಮ. ಸೆರಗಿನ ತುದಿಯಲ್ಲಿ ಬಸವಣ್ಣನ ಗುಡಿಯ ವಿಭೂತಿ ಗಂಟು, ಕಣ್ಣು ಕೆಂಪು. ನಾನು ಒಲೆಯ ಮುಂದೆ ಕೂತಿದ್ದೆ.

“ಏಳಬ್ಯಾಡ ಏಳಬ್ಯಾಡ ನನ್ನವ್ವಾ” ಎಂದು ಓಡಿಬಂದು ನನ್ನ ಮೊಣಕಾಲು ಹಿಡಿದುಕೊಂಡಳು. “ಯಾವ ಕಾಲು ಬಿದ್ದೈತಿ? ಎರಡೂನಾ?”

“ಏನಾಗೈತಿ ಅತ್ತಿ ನಿನಗ?”

“ನನಗೇನಾಗೈತಿ! ನಿನ್ನ ಕಾಲು ಹೋಗ್ಯಾವ, ಹೊತ್ಕೊಂಡು ನಡಿಯೋ ಮಷೀನು ತರಸಾಕತ್ತಾರ ಅಂತ ಊರೆಲ್ಲ ಅಳಾಕತ್ತೈತಿ!”

ಎದ್ದು ನಿಂತೆ. ಅಡುಗೆಮನೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದು ತೋರಿಸಿದೆ. ಅತ್ತೆ ಬಾಯಿ ತೆರೆದು ನೋಡಿದಳು. ಆಮೇಲೆ ಬೆನ್ನಿಗೊಂದು ಗುದ್ದು ಕೊಟ್ಟು, “ಹಾಳಾದಕಿ, ಬಸ್ಸಿನ್ಯಾಗ ಎಷ್ಟು ಅತ್ತೀನಿ ಗೊತ್ತೈತೇನು” ಎಂದು ಮತ್ತೆ ಅತ್ತಳು. ವಿಭೂತಿಯನ್ನು ಮಾತ್ರ ವ್ಯರ್ಥ ಮಾಡದೆ ಎರಡೂ ಮೊಣಕಾಲಿಗೆ ಹಚ್ಚಿದಳು.

ಎಲ್ಲವನ್ನೂ ಬಿಡಿಸಿ ಹೇಳಿದೆ. ಆರ್ಡರು, ಬಿ.ಪಿ., ಸಹಿ. “ಮದ್ಲು ಬೀಯೇ ಆತು, ಈಗ ಬೀಪಿ. ಇದಕ್ಕೂ ಪರೀಕ್ಷಿ ಐತೇನು?” ಎಂದಳು. ಐತಿ ಎಂದೆ. ನಡೆಯಲು ಬೀದಿ ಬಿಟ್ಟು ಮಷೀನು ಯಾಕೆ ಎಂದಳು. ಎತ್ತಾಗ ಹೊಂಟ್ರಿ ಎಂದು ಕೇಳುತ್ತಾರೆ ಎಂದೆ.

“ಕೇಳಿದ್ರ ಹೇಳಾಕ ಬಾಯಿಲ್ಲೇನು? ನಾಳಿಂದ ನಾ ಬರ್ತೀನಿ ನಡಿ.”

ಮರುದಿನ ಬೆಳಿಗ್ಗೆ ಹೊರಟೆವು. ಹುಸೇನ್ ಸಾಬರು ನನ್ನ ಎರಡೂ ಕಾಲುಗಳನ್ನು ಅನುಮಾನದಿಂದ ನೋಡುತ್ತ, “ಎತ್ತಾಗ ಹೊಂಟ್ರಮ್ಮ?” ಎಂದರು.

“ಸಿರುಗುಪ್ಪಕ್ಕ!” ಎಂದಳು ಅತ್ತೆ.

“ನಡಕೋಂತನೇ?”

“ಹೂನಪ್ಪ. ದಿನಾ ಇಷ್ಟಿಷ್ಟು.”

ದಾರ ತರಲು ಹೇಳುವುದಕ್ಕೆ ಆಮೇಲೆ ಯಾರಿಗೂ ಬಾಯಿ ಬರಲಿಲ್ಲ. ಕೋಟೆಗುಡ್ಡದ ಬುಡದವರೆಗೆ ಹೋಗಿ, ಬಿಸಿಲು ಏರುವ ಮೊದಲು ತಿರುಗುತ್ತಿದ್ದೆವು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿಯ ಬಂಡಿಯ ಮುಂದೆ ನನ್ನ ಕಾಲು ನಿಧಾನವಾದರೆ ಅತ್ತೆ ಸೊಂಟಕ್ಕೆ ತಿವಿಯುತ್ತಿದ್ದಳು. ಒಂದೆರಡು ವಾರದಲ್ಲಿ ಓಣಿಯವರೇ, “ಸಿರುಗುಪ್ಪ ಎಲ್ಲಿಗಿ ಬಂತ್ರಿ?” ಎಂದು ಕೇಳತೊಡಗಿದರು. ಮಷೀನು ಬೇಡ ಎಂದು ಮನಸ್ಸು ಗಟ್ಟಿಯಾಯಿತು. ಅದನ್ನು ಹೇಳಿಬರಲು ಅತ್ತೆಯನ್ನೂ ಕರೆದುಕೊಂಡು ಬ್ರೂಸ್‌ಪೇಟೆಗೆ ಹೋದೆ.

ಹೋಗಬಾರದಿತ್ತೋ, ಹೋದದ್ದೇ ಒಳ್ಳೆಯದಾಯಿತೋ, ಈಗಲೂ ಹೇಳಲಾರೆ. ಅತ್ತೆ ಮಷೀನನ್ನು ಸುತ್ತುಹಾಕಿ ನೋಡಿದಳು. ಚಪ್ಪಲಿ ಬಿಟ್ಟು, ಪಟ್ಟಿಗೆ ಕೈಮುಗಿದು, ಕಚ್ಚೆ ಬಿಗಿಮಾಡಿ ಹತ್ತಿದಳು. ನಕ್ಕು ಇಳಿಯುತ್ತಾಳೆಂದು ನಾನೂ ಅಂಗಡಿಯವನೂ ಕಾದೆವು. ಇಳಿಯಲಿಲ್ಲ. ಸರಳು ಹಿಡಿಯದೆ, ಎರಡೂ ಕೈ ಬೀಸುತ್ತ, ಲಕ್ಷ್ಮಿಯ ಕಡೆಗೆ ನಡೆದೇ ನಡೆದಳು.

“ಸಾಕು ಇಳಿ ಅತ್ತಿ.”

“ತಡಿಯಲೇ” ಎಂದಳು. ಇಳಿದು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲ ಬಳಿ ಬಂದು ಮೆಲ್ಲಗೆ ಹೇಳಿದಳು: “ಚಂದ ಐತಿ, ತಗೋ. ತಲಿ ಮ್ಯಾಲ ಏನೂ ಇಲ್ಲ, ಬಗಲಾಗ ಏನೂ ಇಲ್ಲ. ಹೊರಿ ಇಲ್ದ ನಾ ಯಾವಾಗ ನಡದಿದ್ದೆನೋ, ನೆನಪಿಲ್ಲ.”

ನಾನು ಬೇಡವೆನ್ನಲು ಬಂದಿದ್ದೆ. ಬೀದಿಯೇ ಮೇಲೆಂದು ಕಲಿಸಿದವಳು ಯಂತ್ರ ತಗೋ ಎನ್ನುತ್ತಿದ್ದಳು. ಅವಳು ಬೆಳಿಗ್ಗೆ ನನ್ನ ಜೊತೆ ಬರುವಾಗಲೂ ಸೊಂಟದ ಮೇಲೆ ಕೈಯಿಟ್ಟುಕೊಂಡು, ಕತ್ತು ಅಲುಗಿಸದೆ, ಇಲ್ಲದ ಕೊಡ ಹೊತ್ತವಳಂತೆ ನಡೆಯುತ್ತಾಳೆಂಬುದು ನನಗೆ ಆಗ ಹೊಳೆಯಿತು. ದಿನಾ ಪಕ್ಕದಲ್ಲೇ ಇದ್ದೆ, ಕಂಡಿರಲಿಲ್ಲ. ಕೊಳ್ಳುವುದಾದರೆ ಯಾರಿಗೆ ಕೊಳ್ಳಬೇಕು? ಕುರುಗೋಡಿನ ಮನೆಯಲ್ಲಿ ಅವಳು ಅದರ ಮೇಲೆ ನಿಂತರೆ ಊರು ನಗದೆ ಬಿಡುತ್ತದೆಯೇ? “ನಾಳಿ ಹೇಳ್ತೀನ್ರಿ” ಎಂದೆ. ಅಂಗಡಿಯವನು ಟ್ಯೂಬುಗಳನ್ನು ಮತ್ತೆ ನೇತು ಹಾಕಿದ.

ಆ ನಾಳೆ ಇನ್ನೂ ಬಂದಿಲ್ಲ. ಆದರೆ ನಿನ್ನೆ ಆಸ್ಪತ್ರೆಗೆ ಹೋಗುವ ದಿನ ಬಂತು, ಅತ್ತೆಯೂ ಜೊತೆಗೆ ಬಂದಳು. ಡಾಕ್ಟರಮ್ಮ ಪಟ್ಟಿ ಸುತ್ತಿದಾಗ ನನ್ನ ಎದೆ ಇಂಗ್ಲಿಷ್ ಪರೀಕ್ಷೆಯ ದಿನದಂತೆ ಹೊಡೆದುಕೊಳ್ಳುತ್ತಿತ್ತು, ಇದರಿಂದಲೇ ಬಿ.ಪಿ. ಏರಿ ಕೆಲಸ ಹೋಗುತ್ತದೆಂದು ಇನ್ನಷ್ಟು ಹೊಡೆದುಕೊಂಡಿತು. ಅವರು ಪಾದರಸ ನೋಡಿದರು. ಮತ್ತೊಮ್ಮೆ ಒತ್ತಿದರು.

“ಇಳಿದಿದೆ. ಏನು ಮಾಡಿದಿರಿ?”

ನಡೆದದ್ದಕ್ಕೋ, ಉಪ್ಪಿಗೋ, ಅತ್ತೆ ಮನೆಯಲ್ಲಿದ್ದದ್ದಕ್ಕೋ ನನಗೇ ತಿಳಿಯದು. “ಗೊತ್ತಿಲ್ರಿ” ಎಂದೆ. ಬಿ.ಎ. ಆದ ಮೇಲೆ ಇನ್ನೊಬ್ಬರ ಮುಂದೆ ಆ ಮಾತನ್ನು ಹಾಗೆ ಸಲೀಸಾಗಿ ಆಡಿದ್ದು ನೆನಪಿಲ್ಲ. ಡಾಕ್ಟರಮ್ಮ ನಕ್ಕು, ಪೆನ್ನಿನ ಮುಚ್ಚಳ ತೆಗೆದು ಬರೆದರು, ಸಹಿ ಮಾಡಿದರು, ಸೀಲು ಒತ್ತಿ ಕಾಗದ ನನ್ನ ಕೈಗೆ ಕೊಟ್ಟರು. ಅದು ಅತ್ತೆಯ ಕೈಗೆ ಹೋಯಿತು. ಅವಳು ಅಕ್ಷರ ಮೇಲೋ ಕೆಳಗೋ ನೋಡದೆ ಹಿಡಿದುಕೊಂಡು, “ಏನು ಬರದಾರ ಇದ್ರಾಗ?” ಎಂದಳು.

“ನಾ ಗಟ್ಟಿ ಅದೀನಿ, ಕೆಲಸ ಮಾಡಬಲ್ಲೆ ಅಂತ ಬರದಾರ ಅತ್ತಿ.”

ಅತ್ತೆ ಸೀಲಿನ ಹಸಿ ಮಸಿಗೆ ಬೆರಳು ತಾಗದಂತೆ ಕಾಗದವನ್ನು ಮೇಜಿನ ಮೇಲಿಟ್ಟಳು. ಬಳೆ ಹಿಂದೆ ಸರಿಸಿ, ತನ್ನ ತೋಳನ್ನು ಡಾಕ್ಟರಮ್ಮನ ಮುಂದೆ ಚಾಚಿದಳು.

“ನನಗೂ ಒಂದು ಬರಕೊಡ್ರಿ ಯವ್ವಾ. ಇಷ್ಟು ವರ್ಷ ದುಡದೀನಿ, ನೀ ಗಟ್ಟಿ ಅದೀ ಅಂತ ಒಬ್ರೂ ಒಂದು ಕಾಗದ ಕೊಟ್ಟಿಲ್ಲ.”