ನೆಲ ಡೊಂಕು ಅಂದವಳು

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ದಬ್ಬಳದಕ್ಕ ಅಂತಲೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರಿನಿಂದ ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಅವಳು ಮೊದಲು ಲಾರಿಗಳಿಗೆ ಟಾರ್ಪಾಲು ಹೊಲಿಯುವ ವರ್ಕ್‌ಶಾಪಿನಲ್ಲಿದ್ದವಳು. ಹನ್ನೆರಡು ವರ್ಷದ ಹಿಂದೆ, ಕಾಲೇಜಿನ ಫುಟ್‌ಬಾಲ್ ಮೈದಾನದಲ್ಲಿ ದೊಡ್ಡ ಪಂದ್ಯವಿದ್ದ ದಿನ ಬೆಳಗ್ಗೆ, ಪ್ಲಾಸ್ಟಿಕ್ ಹುಲ್ಲಿನ ಹಾಸು ನಟ್ಟನಡುವೆ ಬಾಯಿ ಬಿಟ್ಟಿತು. ಹಾಸಿದ ಕಂಪನಿಯವರು ಬರಲು ಮೂರು ದಿನ ಬೇಕು ಅಂದರು. ಯಾರಿಗೋ ಪಕ್ಕದ ಬೀದಿಯ ಟಾರ್ಪಾಲಿನ ಅಂಗಡಿ ನೆನಪಾಯಿತು. ಅವಳು ಒಂದು ದಬ್ಬಳ, ಒಂದು ಉಂಡೆ ನೈಲಾನ್ ದಾರ ಹಿಡಿದು ಬಂದಳು. ಮಂಡಿಯೂರಿ ಕೂತಳು. ಹನ್ನೊಂದು ಗಂಟೆಗೆ ಎದ್ದಾಗ ಎಲ್ಲಿ ಹರಿದಿತ್ತು ಅಂತ ಹುಡುಕಿದರೂ ಸಿಗದ ಹಾಗೆ ಹೊಲಿದು ಮುಗಿಸಿದ್ದಳು. ಆಗಿನ ಪ್ರಿನ್ಸಿಪಾಲರು ಅದರ ಮೇಲೆ ಎರಡು ಸಲ ಕುಣಿದು ನೋಡಿ, "ನೀವು ಇಲ್ಲೇ ಇದ್ದುಬಿಡಿ ತಾಯಿ" ಅಂದರು. ಅವಳು ಇದ್ದುಬಿಟ್ಟಳು.

ಪ್ಲಾಸ್ಟಿಕ್ ಹುಲ್ಲಿಗೆ ಆರೈಕೆ ಬೇಕಿಲ್ಲ ಅಂದುಕೊಂಡವರು ಅವಳ ದಿನಚರಿ ನೋಡಬೇಕಿತ್ತು. ಬೆಳಗ್ಗೆ ಪುಟ್ಟ ಟ್ರ್ಯಾಕ್ಟರಿಗೆ ಅಗಲವಾದ ಬ್ರಷ್ ಕಟ್ಟಿ ಮೈದಾನವನ್ನೆಲ್ಲ ಬಾಚುವುದು, ಮಲಗಿದ ಎಳೆಗಳು ಎದ್ದು ನಿಲ್ಲಬೇಕಲ್ಲ. ಎಳೆಗಳ ನಡುವೆ ತುಂಬಿದ ರಬ್ಬರ್ ಕಾಳು ಪೆನಾಲ್ಟಿ ಜಾಗದಲ್ಲಿ, ಕಾರ್ನರ್‌ನಲ್ಲಿ ಸವೆದಿರುತ್ತದೆ, ಅಲ್ಲಿ ಮತ್ತೆ ತುಂಬುವುದು. ಯಾರೋ ಉಗಿದ ಚೂಯಿಂಗ್ ಗಮ್ಮಿಗೆ ಐಸ್ ಒತ್ತಿ, ಗಟ್ಟಿ ಮಾಡಿ, ಕಿತ್ತು, ಉಗಿದವನ ವಂಶವನ್ನು ಬೈಯುವುದು. ಅವಳ ಗಂಡನಿಗೆ ಕ್ಷೌರದಂಗಡಿ. "ನಾನು ತಲೆ ಬಾಚ್ತೀನಿ, ಇವಳು ನೆಲ ಬಾಚ್ತಾಳೆ. ನನ್ನ ಗಿರಾಕಿಗಳಾದ್ರೂ ಅಲ್ಲಾಡ್ತಾರೆ, ಇವಳದ್ದು ತೆಪ್ಪಗೆ ಬಿದ್ದಿರುತ್ತೆ" ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಮನೆಯ ಹಾಸಿಗೆಯಲ್ಲಿ, ಸಕ್ಕರೆ ಡಬ್ಬದಲ್ಲಿ, ಎಲ್ಲೆಂದರಲ್ಲಿ ಆ ಕರಿ ರಬ್ಬರ್ ಕಾಳು ಸಿಗುತ್ತಿತ್ತು. ಅದೊಂದಕ್ಕೆ ಮಾತ್ರ ಅವನಿಗೆ ತಮಾಷೆ ಬರುತ್ತಿರಲಿಲ್ಲ.

ಹಾಸಿಗೂ ವಯಸ್ಸಾಗುತ್ತದೆ. ಎಂಟನೇ ವರ್ಷದ ಹೊತ್ತಿಗೆ ಎಳೆಗಳು ಸೀಳಿ, ಬಾಚಿದರೂ ಏಳದೆ ಮಲಗಿದವು. ಹೊಲಿದ ಕಡೆ ಬಿಟ್ಟು ಪಕ್ಕದಲ್ಲಿ ಹರಿಯತೊಡಗಿತು. ಉತ್ತರದ ಗೋಲಿನ ಮುಂದೆ ಮಳೆ ನಿಂತ ಎರಡು ದಿನವಾದರೂ ಕಾಲಿಟ್ಟರೆ ಪಚಕ್ ಅನ್ನುತ್ತಿತ್ತು. ಒಮ್ಮೆ ಗಂಡನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಅವನು ಬಗ್ಗಿ, ಬೆರಳಾಡಿಸಿ, "ಬೋಳು ತಲೆಗೆ ಎಷ್ಟೂಂತ ಬಾಚ್ತೀಯೇ?" ಅಂದ.

ಅವಳು ಹೊಸ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟಳು. ಹಾಸು ಬದಲಾಯಿಸಬೇಕು, ಅದರ ಕೆಳಗೆ ನೀರು ಹೋಗುವ ದಾರಿ ನೋಡಬೇಕು. ವರ್ಷಕ್ಕೊಂದರಂತೆ ನಾಲ್ಕು ಅರ್ಜಿ. ನಾಲ್ಕಕ್ಕೂ ಒಂದೇ ಉತ್ತರ: "ಮುಂದಿನ ವರ್ಷ ನೋಡೋಣ ಬಿಡಿ." ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಐದನೇ ವರ್ಷ ಅರ್ಜಿಗೆ ಕಾಯಲಿಲ್ಲ, ಅನಾಹುತವೇ ಬಂತು.

ಆ ದಿನ ಹುಡುಗಿಯರ ತಂಡದ ಪಂದ್ಯ. ಬೆಳಗ್ಗೆ ಬಾಚುವಾಗ ಉತ್ತರದ ಗೋಲಿನ ಎದುರು ಒಂದು ಗೇಣು ಉದ್ದ ಹರಿದಿದ್ದನ್ನು ದಬ್ಬಳದಕ್ಕ ಕಂಡಳು. ಹೊಲಿಯಲು ಕೂತರೆ ಹಾಸು ಹಳೆಯ ಕಾಗದದ ಹಾಗೆ ದಾರದ ಜೊತೆಗೇ ಕಿತ್ತು ಬಂತು. ಸುತ್ತ ನಾಲ್ಕು ಕೆಂಪು ಕೋನ್ ಇಟ್ಟು, ಪ್ರಿನ್ಸಿಪಾಲರ ಕೋಣೆಗೆ ಹೋಗಿ, "ಇವತ್ತು ಆಟ ಬೇಡ ಸಾರ್" ಅಂದಳು. ಅವರು ಅತಿಥಿಗಳ ಪಟ್ಟಿ ನೋಡುತ್ತಿದ್ದರು. ತಲೆ ಎತ್ತಲಿಲ್ಲ. ಅವಳು ಕೆಳಗೆ ಬರುವಷ್ಟರಲ್ಲಿ ಅವರ ಫೋನು ಮೈದಾನ ಮುಟ್ಟಿ, ಕೋನುಗಳು ಗೋಡೆ ಬದಿ ಸೇರಿದ್ದವು.

ಗೋಲ್‌ಕೀಪರ್ ಎರಡನೇ ವರ್ಷದ ಹುಡುಗಿ. ಎತ್ತರ, ಉದ್ದ ಕೈ, ಗಂಟಲು ಮೈಕು. ಚೆಂಡಿಗೆಂದು ಮುಂದೆ ನುಗ್ಗಿದವಳ ಶೂ ಆ ಹರಕಿಗೆ ಸಿಕ್ಕಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಗ್ಯಾಲರಿಯಲ್ಲಿದ್ದವರಿಗೂ ಆ ಸದ್ದು ಕೇಳಿತು. ಆಂಬುಲೆನ್ಸ್ ಬರುವವರೆಗೆ ಹುಡುಗಿಯ ತಲೆ ದಬ್ಬಳದಕ್ಕನ ತೊಡೆಯ ಮೇಲಿತ್ತು. "ಅಕ್ಕ, ನಾನು ನೋಡ್ಕೊಂಡು ಓಡಬೇಕಿತ್ತಾ?" ಅಂತ ಅವಳು ಕೇಳಿದ್ದು ದಬ್ಬಳದಕ್ಕನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಮೂರನೇ ದಿನ ಪ್ರಿನ್ಸಿಪಾಲರು ಕರೆಸಿದರು. ಮೇಜಿನ ಮೇಲೆ ಒಂದು ವರದಿ. 'ಮೈದಾನ ಸುಸ್ಥಿತಿಯಲ್ಲಿತ್ತು. ಆಟಗಾರ್ತಿಯ ಅಜಾಗರೂಕತೆಯೇ ಕಾರಣ.'

"ಮೈದಾನದ ಉಸ್ತುವಾರಿ ನಿಮ್ಮದಲ್ವಾ? ಇಲ್ಲೊಂದು ಸಹಿ ಹಾಕಿ."

"ಹಾಕಲ್ಲ ಸಾರ್."

"ಓದಿದ್ರಾ ಪೂರ್ತಿ?"

"ಓದಿದ್ದಕ್ಕೇ ಹಾಕಲ್ಲ ಅಂದಿದ್ದು."

ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ನೋಡಿ, ಇದು ಕಾಲೇಜಿನ ಮರ್ಯಾದೆ ಪ್ರಶ್ನೆ."

"ಆ ಮಗುವಿನದ್ದು ಕಾಲಿನ ಪ್ರಶ್ನೆ" ಅಂದು ಅವಳು ಎದ್ದು ಬಂದಳು.

ಮರುದಿನವೇ ಅವಳನ್ನು ಲೈಬ್ರರಿಗೆ ಹಾಕಿದರು. ಹರಿದ ಪುಸ್ತಕಗಳ ಬೆನ್ನಿಗೆ ಅಂಟು ಬಳಿಯುವ ಕೆಲಸ. ಮನೆಗೆ ಬಂದು ಹೇಳಿದಾಗ ಗಂಡ ಕತ್ತರಿ ಮಸೆಯುತ್ತಿದ್ದವನು ನಿಲ್ಲಿಸಿದ.

"ಸಹಿ ಹಾಕಿದ್ರೆ ಏನಾಗ್ತಿತ್ತೇ?"

"ನಿಮ್ಮ ಕತ್ತರಿ ತಾಗಿ ಗಿರಾಕಿ ಕಿವಿ ಕುಯ್ದು, ಅವನೇ ಅಲ್ಲಾಡಿದ ಅಂತ ನಾನು ಸುಳ್ಳು ಸಾಕ್ಷಿ ಹೇಳ್ಲಾ?"

ಅವನು ಕತ್ತರಿಯ ಅಲಗು ತಿರುಗಿಸಿ ನೋಡಿದ. "ಒಂದು ಸಲ ಹೇಳಿದ್ದೀಯ" ಅಂದ. ಇಬ್ಬರಿಗೂ ನಗು ಬಂತು. ಆಮೇಲೆ ಅವನೇ, "ಹಾಕಬೇಡ ಬಿಡು" ಅಂದ.

ಹುಡುಗಿಯ ಮಂಡಿಗೆ ಎರಡು ಸಲ ಆಪರೇಷನ್ ಆಯಿತು. ಆಟಗಾರ್ತಿಯರೆಲ್ಲ ಆ ಮೈದಾನಕ್ಕೆ ಕಾಲಿಡಲ್ಲ ಅಂತ ಪಟ್ಟು ಹಿಡಿದರು. ಆಗಷ್ಟೇ ಆಡಳಿತ ಮಂಡಳಿಗೆ ಎಚ್ಚರವಾಗಿ ಹೊಸ ಹಾಸು ತರಿಸಲು ಒಪ್ಪಿಗೆ ಸಿಕ್ಕಿತು. ಉದ್ಘಾಟನೆಯ ದಿನವೂ ಗೊತ್ತಾಯಿತು.

ಲೈಬ್ರರಿಯ ಕಿಟಕಿ ಮೈದಾನದ ಕಡೆಗೇ ಇತ್ತು. ಕೈ ಪುಸ್ತಕದ ಮೇಲೆ, ಕಣ್ಣು ಕೆಳಗೆ. ಯಂತ್ರ ಹಳೆಯ ಹಾಸನ್ನು ಪಟ್ಟಿ ಪಟ್ಟಿ ಕುಯ್ದು, ಚಾಪೆ ಸುತ್ತಿದ ಹಾಗೆ ಸುತ್ತಿ, ಹೊರಗೆ ಸಾಗಿಸಿತು. ಅದರಲ್ಲಿ ಅವಳ ಹೊಲಿಗೆಗಳೂ ಹೋದವು. ಅವಳಿಗೆ ದುಃಖವೇನೂ ಆಗಲಿಲ್ಲ, ಇನ್ನೂ ಮೊದಲೇ ಹೋಗಬೇಕಿತ್ತು ಅನ್ನಿಸಿತು. ಐದನೇ ದಿನಕ್ಕೆ ಕೆಳಗಿನ ಜಲ್ಲಿಯ ನೆಲವೆಲ್ಲ ಬಯಲಾಯಿತು. ಬಿಸಿಲಿಗೆ ಮೈದಾನವೆಲ್ಲ ಒಣಗಿ ಬೆಳ್ಳಗಾಗಿದ್ದರೆ ಉತ್ತರದ ಗೋಲಿನ ಮುಂದೆ ಮಾತ್ರ ಎರಡು ಕೋಣೆಯಷ್ಟು ಅಗಲಕ್ಕೆ ಕಪ್ಪು ತೇವ. ಕೆಲಸದವರು ಅದರ ಮೇಲೆ ಕಲ್ಲಿನ ಪುಡಿ ಎರಚಿ ಸಮ ಮಾಡುತ್ತಿದ್ದರು.

ಅವಳು ಅಂಟಿನ ಬ್ರಷ್ ಕೆಳಗಿಟ್ಟು ಇಳಿದಳು.

ಕೆಲಸದ ಸೂಪರ್‌ವೈಸರ್ ಒಬ್ಬ ಸಣಕಲ ಮನುಷ್ಯ, ಸೊಂಟಕ್ಕೆ ಸದಾ ಅಳತೆ ಟೇಪು. "ಅಣ್ಣ, ಇಲ್ಲಿ ನೆಲ ಕುಸಿದಿದೆ. ಕೆಳಗಿನ ಪೈಪು ಕಟ್ಟಿಕೊಂಡಿದೆ. ಅಗೆದು ನೋಡಿ."

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಗೊತ್ತಮ್ಮ ನಂಗೂ. ಹನ್ನೆರಡು ದಿನದಲ್ಲಿ ಮುಗಿಸು ಅಂದಿದಾರೆ. ಅಗೆದ್ರೆ ಮುಗಿಯಲ್ಲ. ಮೇಲೆ ಹಾಸಿದ್ರೆ ಯಾರಿಗೂ ಕಾಣಲ್ಲ."

"ಮೇಲೆ ಥಳಕು, ಒಳಗೆ ಹುಳುಕು."

"ನಾನು ಕೂಲಿಯವನಮ್ಮ" ಅಂದ ಅವನು.

ಅವಳು ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದಳು. ಅವರು ಪೂರ್ತಿ ಕೇಳಿ, ನಕ್ಕು, ಅಲ್ಲಿದ್ದ ಗುಮಾಸ್ತರಿಗೂ ಕೇಳುವ ಹಾಗೆ ಅಂದರು: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಹುಡುಗಿದೂ ಅದೇ ಕಥೆ, ನಿಮ್ಮದೂ ಅದೇ ಕಥೆ."

"ನೆಲ ಡೊಂಕಾಗಿಯೇ ಇದೆ ಸಾರ್. ನಾಳೆ ತೋರಿಸ್ತೀನಿ."

ಮರುದಿನ ಬೆಳಗ್ಗೆ ಹತ್ತಕ್ಕೆ ಹೊಸ ಹಾಸಿನ ಮೊದಲ ಸುರುಳಿ ಬಂದು ಗೋಲಿನ ಪಕ್ಕ ಇಳಿಯಿತು. ದಬ್ಬಳದಕ್ಕ ಮೈದಾನದ ಅಂಚಿನ ದೊಡ್ಡ ನಲ್ಲಿಗೆ ಪೈಪು ಸಿಕ್ಕಿಸಿ ನೀರು ಬಿಟ್ಟಳು. ಸೂಪರ್‌ವೈಸರ್ ಬೇಡ ಅನ್ನಲಿಲ್ಲ. ಟೇಪು ಎಳೆಯುತ್ತಾ, ಬಿಡುತ್ತಾ ನಿಂತ. ನಡು ಮೈದಾನದಲ್ಲಿ ಹೊಯ್ದ ನೀರನ್ನು ನೆಲ ಬಾಯಾರಿದ ಎಮ್ಮೆಯ ಹಾಗೆ ಕುಡಿಯಿತು. ಉತ್ತರದ ಗೋಲಿನ ಮುಂದೆ ಹೊಯ್ದ ನೀರು ಕಲ್ಲಿನ ಪುಡಿಯನ್ನು ಕಲಸಿ ಕೆಸರು ಮಾಡಿ ಅಲ್ಲೇ ನಿಂತಿತು. ಕಾಲ್ಬೆರಳು ಮುಳುಗಿತು, ಆಮೇಲೆ ಹಿಮ್ಮಡಿ. ನಲ್ಲಿ ನಿಲ್ಲಿಸಿ, ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಆ ನೀರಿನ ನಡುವೆ ಹಾಕಿ ಕೂತಳು.

"ಈ ನೀರು ತಾನಾಗಿ ಇಳಿದ್ರೆ ನಾನೇ ಎದ್ದು ಹೋಗ್ತೀನಿ, ಕೆಲಸನೂ ಬಿಟ್ಟು ಹೋಗ್ತೀನಿ. ಇಳಿಯೋವರೆಗೆ ಏಳಲ್ಲ."

ಮಾತು ಕ್ಲಾಸಿನಿಂದ ಕ್ಲಾಸಿಗೆ ಹಬ್ಬಿತು. ಹನ್ನೊಂದಕ್ಕೆ ಗ್ಯಾಲರಿ ಅರ್ಧ ತುಂಬಿತ್ತು. ಗೇಟಿನ ಕಾವಲುಗಾರನನ್ನು ಕಳಿಸಿದರು. ಅವನು ನೀರಿನ ಅಂಚಿಗೆ ಬಂದು ನಿಂತ.

"ಅಕ್ಕ, ನಿನ್ನ ಎಬ್ಬಿಸು ಅಂದಿದಾರೆ."

"ಎಬ್ಬಿಸಪ್ಪ."

ಅವನು ನೀರು ನೋಡಿದ, ತನ್ನ ಕಾಲು ನೋಡಿದ. "ಹೊಸ ಶೂ ಕಣಕ್ಕ" ಅಂತ ಹೇಳಿ ವಾಪಸ್ ಹೋದ.

ಒಂದು ಗಂಟೆಗೆ ಪ್ರಿನ್ಸಿಪಾಲರೇ ಬಂದರು. ಬಿಸಿಲು ನೆತ್ತಿಗೆ ಬಂದಿತ್ತು. ಅವಳ ಕುತ್ತಿಗೆ ಉರಿಯುತ್ತಿತ್ತು, ಕಾಲು ಮರಗಟ್ಟಿತ್ತು. ಎದ್ದುಬಿಡೋಣ ಅಂತ ಒಂದೆರಡು ಸಲ ಅನ್ನಿಸಿದ್ದೂ ನಿಜ. ಆದರೆ ಆ ಹೊತ್ತಿಗೆ ಗ್ಯಾಲರಿಯ ಮೆಟ್ಟಿಲಲ್ಲಿ, ಊರುಗೋಲು ಪಕ್ಕಕ್ಕಿಟ್ಟುಕೊಂಡು, ಗೋಲ್‌ಕೀಪರ್ ಬಂದು ಕೂತಿದ್ದಳು. ಇನ್ನು ಜಪ್ಪಯ್ಯ ಅಂದರೂ ಏಳುವ ಮಾತೇ ಇಲ್ಲ.

"ಇದೇನು ನಾಟಕ? ನೀರು ಹೊಯ್ದರೆ ಎಲ್ಲಾದ್ರೂ ನಿಲ್ಲುತ್ತೆ" ಅಂದರು ಪ್ರಿನ್ಸಿಪಾಲರು.

"ಅಲ್ಲಿ ಯಾಕೆ ನಿಲ್ಲಲಿಲ್ಲ ಸಾರ್?" ಅಂತ ಅವಳು ನಡು ಮೈದಾನದ ಕಡೆ ಕೈ ತೋರಿಸಿದಳು. "ಮೂರು ಗಂಟೆ ಆಯ್ತು ಹೊಯ್ದು. ಒಂದು ಬೆರಳೂ ಇಳಿದಿಲ್ಲ. ಇದರ ಮೇಲೆ ಹಾಸಿದ್ರೆ ಒಂದು ಮಳೆಗಾಲಕ್ಕೆ ಹಾಸು ಉಬ್ಬುತ್ತೆ, ಎರಡನೇದಕ್ಕೆ ಬಾಯಿ ಬಿಡುತ್ತೆ. ಆಗ ಇನ್ಯಾವ ಮಗುವಿನ ಅಜಾಗರೂಕತೆ ಅಂತ ಬರೀತೀರಿ?"

ಪ್ರಿನ್ಸಿಪಾಲರು ಸೂಪರ್‌ವೈಸರ್ ಕಡೆ ತಿರುಗಿದರು. "ನೀವೇ ಹೇಳಿ. ಹಾಸಬಹುದು ತಾನೆ?"

ಅವನು ಟೇಪನ್ನು ನೀರಿಗೆ ಇಳಿಬಿಟ್ಟು, ಎತ್ತಿ, ಬಟ್ಟೆಗೆ ಒರೆಸಿದ. "ನಾನು ಇದರ ಮೇಲೆ ಹಾಸಲ್ಲ ಸಾರ್" ಅಂದ. ಗ್ಯಾಲರಿಯಿಂದ ಎದ್ದ ಕೂಗಿಗೆ ಅವನೇ ಬೆಚ್ಚಿದ.

ಮಧ್ಯಾಹ್ನ ಅಗೆದರು. ತೊಡೆಯಾಳದಲ್ಲಿ ಸಿಕ್ಕ ಪೈಪು ಚಪ್ಪಟೆಯಾಗಿ, ಒಳಗೆ ರಬ್ಬರ್ ಕಾಳು ಮತ್ತು ಹುಲ್ಲಿನ ಎಳೆ ಕಲ್ಲಿನ ಹಾಗೆ ಗಡುಸಾಗಿತ್ತು. ಉದ್ಘಾಟನೆ ಮೂರು ವಾರ ಮುಂದೆ ಹೋಯಿತು.

ಅವಳಿಗೆ ಹೂಮಾಲೆಯೇನೂ ಬೀಳಲಿಲ್ಲ, ನೋಟಿಸು ಬಂತು. 'ಶಿಸ್ತು ಉಲ್ಲಂಘನೆ. ಏಳು ದಿನದಲ್ಲಿ ಉತ್ತರಿಸಿ.' ಅಂಟು ಹೇಗೂ ಕೈಯಲ್ಲೇ ಇತ್ತು. ಎಲ್ಲರೂ ಓದಲಿ ಅಂತ ಅದನ್ನು ಲೈಬ್ರರಿಯ ಬೋರ್ಡಿಗೆ ಅಂಟಿಸಿ, ಕೆಳಗೆ ತನ್ನ ಉತ್ತರವನ್ನೂ ಅಂಟಿಸಿದಳು: 'ಹೌದು, ಕೂತಿದ್ದೆ. ಬೇಕಾದರೆ ಮತ್ತೆ ಕೂರುತ್ತೇನೆ.' ಏಳನೇ ದಿನ ಕಳೆಯಿತು, ಹದಿನೇಳನೆಯದೂ ಕಳೆಯಿತು. ಯಾರೂ ಆ ಸುದ್ದಿ ಎತ್ತಲಿಲ್ಲ.

ಹಾಸುವ ಕೆಲಸ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರು ಮತ್ತೆ ಕರೆಸಿದರು. ಹೊಸ ಹಾಸಿನ ಗ್ಯಾರಂಟಿ ನಿಲ್ಲಬೇಕಾದರೆ ಪ್ರತಿದಿನ ಬಾಚಿ, ಬಾಚಿದ್ದನ್ನು ದಾಖಲೆ ಪುಸ್ತಕದಲ್ಲಿ ಬರೆಯಲು ಪಳಗಿದ ಕೈ ಬೇಕು ಅಂತ ಕಂಪನಿ ಹಟ ಹಿಡಿದಿತ್ತು. ಆ ಕೆಲಸ ಬಲ್ಲವರು ಬೇರೆ ಯಾರಿದ್ದರು?

"ಸೋಮವಾರದಿಂದ ಮೈದಾನಕ್ಕೆ ಬನ್ನಿ" ಅಂದರು.

"ಬರ್ತೀನಿ ಸಾರ್. ಮೊದಲು ಆ ವರದಿಯಲ್ಲಿರೋ ಸಾಲು ತೆಗೀರಿ."

"ಅದು ಮುಗಿದ ಕಥೆ."

"ಅವಳಿಗೆ ಮುಗಿದಿಲ್ಲ."

ನಾಲ್ಕು ದಿನ ಮೈದಾನ ಬಾಚುವವರಿಲ್ಲದೆ ಬಿದ್ದಿತ್ತು. ಐದನೇ ದಿನ ಗುಮಾಸ್ತರು ಲೈಬ್ರರಿಗೆ ಬಂದು ಒಂದು ಕಾಗದ ಕೊಟ್ಟರು. ಕ್ಷಮೆ ಕೇಳುವ ಮಾತು ಒಂದೂ ಇರಲಿಲ್ಲ. 'ಹಾಸು ಒಂದು ಗೇಣು ಹರಿದಿತ್ತು. ಮುನ್ಸೂಚನೆ ನೀಡಲಾಗಿತ್ತು. ಆಟಗಾರ್ತಿಯ ತಪ್ಪಿಲ್ಲ.' ಕೆಳಗೆ ಪ್ರಿನ್ಸಿಪಾಲರ ಸಹಿ. ಅದರ ಪಕ್ಕದಲ್ಲಿ ದಬ್ಬಳದಕ್ಕ ನಿಧಾನವಾಗಿ, ದಪ್ಪ ಅಕ್ಷರದಲ್ಲಿ, ತನ್ನದೂ ಹಾಕಿದಳು.

ಅದರ ಪ್ರತಿಯನ್ನು ಹುಡುಗಿಯ ಮನೆಗೆ ತಾನೇ ಒಯ್ದಳು. ಹುಡುಗಿ ಎರಡು ಸಲ ಓದಿದಳು. ಡಾಕ್ಟರು ಇನ್ನು ಆಟ ಬೇಡ ಅಂದಿದ್ದರು.

"ಇದರಿಂದ ಮಂಡಿ ವಾಪಸ್ ಬರಲ್ಲ ಅಲ್ವಾ ಅಕ್ಕ."

"ಬರಲ್ಲ ಕಣಮ್ಮ."

ಹುಡುಗಿ ಕಾಗದವನ್ನು ಮಡಿಸಲಿಲ್ಲ. ಹಾಗೇ ಒಳಗೆ ಒಯ್ದು ಅಪ್ಪನ ಕೈಗೆ ಕೊಟ್ಟಳು. ಆಟಕ್ಕೆ ಕಳಿಸಿದ್ದೇ ತಪ್ಪು, ಮಗಳಿಗೆ ಮೈಮೇಲೆ ಎಚ್ಚರವಿಲ್ಲ ಅಂತ ಆರು ತಿಂಗಳಿಂದ ಮನೆಯಲ್ಲಿ ಒಂದೇ ಸಮ ಗೊಣಗುತ್ತಿದ್ದ ಅಪ್ಪ ಅದನ್ನು ಓದುವುದನ್ನು ದಬ್ಬಳದಕ್ಕ ಬಾಗಿಲಲ್ಲೇ ನಿಂತು ನೋಡಿದಳು. ಅವನು ಕನ್ನಡಕ ತೆಗೆದ. ಅವಳು ಚಹಾಕ್ಕೆ ನಿಲ್ಲಲಿಲ್ಲ.

ಉದ್ಘಾಟನೆಯ ಬೆಳಗ್ಗೆ ಮೈದಾನಕ್ಕೆ ಬಂದಾಗ ಶಾಮಿಯಾನದವರು ಹೊಸ ಹಾಸಿನ ಮೇಲೆ ಕಬ್ಬಿಣದ ಕುರ್ಚಿ ಸಾಲು ಸಾಲು ಹಾಕುತ್ತಿದ್ದರು. ವೇದಿಕೆಗೆ ಗೂಟ ಹೊಡೆಯಲು ಒಬ್ಬ ಸುತ್ತಿಗೆ ಎತ್ತಿದ್ದ.

"ಯಾರಪ್ಪ ಹೇಳಿದ್ದು ಇಲ್ಲಿ ಹಾಕು ಅಂತ?"

"ಪ್ರಿನ್ಸಿಪಾಲರು."

"ಅವರಿಗೆ ಹೇಳು, ಹುಲ್ಲಿನ ಮೇಲೆ ಆಡೋರು ಮಾತ್ರ ಕಾಲಿಡೋದು. ಭಾಷಣ ಮಾಡೋರಿಗೆ ಆಚೆ ಸಿಮೆಂಟು ನೆಲ ಇದೆ."

ಅವನು ಫೋನ್ ಮಾಡಿದ. ಬಹಳ ಹೊತ್ತು ಬರೀ ಹೂಂ ಹೂಂ ಅಂದ. ಕೊನೆಗೆ ಸುತ್ತಿಗೆ ಕೆಳಗಿಟ್ಟು, ತನ್ನ ಆಳುಗಳ ಕಡೆ ತಿರುಗಿ, "ಎತ್ರೋ ಕುರ್ಚಿ" ಅಂದ. ದಬ್ಬಳದಕ್ಕ ಟ್ರ್ಯಾಕ್ಟರ್ ಹತ್ತಿ, ಕುರ್ಚಿಯ ಕಾಲು ಒತ್ತಿದ ಗುರುತುಗಳ ಕಡೆಗೆ ಬ್ರಷ್ ತಿರುಗಿಸಿದಳು.