ಸಿಂಗಲ್ಸಿನಲ್ಲಿ ಮೊದಲ ಗೆಲುವು

"…ಜೋಡಿ ಆಟದಾಗ ಸೋತರೂ ಬಾಜು ಒಬ್ಬಾವ ಇರ್ತಾನ" ಎಂದೇನೋ ಹಿಂದೊಮ್ಮೆ ಹೇಳಿದವನು ನನ್ನ ಅಣ್ಣನೇ, ಗೆಳೆಯರೇ. ಫೋನಿನಲ್ಲಿ ಆಡುವ ರಾಕ್ಷಸಪ್ರಾಣಿಗಳ ಕಾಳಗದಲ್ಲಿ ನಾವಿಬ್ಬರೂ ಸದಾ ಒಂದೇ ಪಕ್ಷ. ನನ್ನ ಪ್ರಾಣಿಗೆ ಬರುವ ಪೆಟ್ಟಿಗೆ ಅವನ ಪ್ರಾಣಿ ಅಡ್ಡ ನಿಲ್ಲುತ್ತಿತ್ತು.

ಇಂದು ಅಣ್ಣಿಗೇರಿಯ ನೋಂದಣಿ ಕಚೇರಿಯಲ್ಲಿ, ಮನೆ, ಹೊಲ ಇಬ್ಬರಿಗೂ ಪಾಲು ಮಾಡುವ ವಾಟ್ನಿ ಪತ್ರಕ್ಕೆ ಸಹಿ ಮಾಡಲು ಇಬ್ಬರೂ ಪಾಳಿ ಕಾಯುತ್ತಿದ್ದೆವು.

"ಒಂದಾಟ ಜೋಡಿ ಆಡೂಣೇನ ಅಣ್ಣಾ?" ಎಂದೆ.

"ಇನ್ನೆಲ್ಲಿ ಜೋಡಿಲೇ? ಸಿಂಗಲ್ಸ್ ಬಾ, ಎದುರಾಬದುರು."

ಆಡಿದೆವು. ಅವನ ಕೊನೆಯ ಪ್ರಾಣಿ ಬೀಳಲು ಒಂದೇ ಪೆಟ್ಟು ಸಾಕಿತ್ತು. ನನ್ನ ಬೆರಳು ಏಳಲಿಲ್ಲ.

"ಹೊಡೀಲೇ, ಒಳಗ ಹೆಸರು ಕೂಗಾಕತ್ತಾರ."

ಹೊಡೆದೆ. ಸಿಂಗಲ್ಸಿನಲ್ಲಿ ಇದು ನನ್ನ ಮೊದಲ ಗೆಲುವು. ಅವನು ನಗುತ್ತ ಎದ್ದುಹೋಗಿ ಮೊದಲು ಸಹಿ ಮಾಡಿದ.

ಅಣ್ಣಾ, ನಾನು ಹೊಡೆಯದೇ ಇದ್ದಿದ್ದರೆ ನೀನು ಏಳುತ್ತಿದ್ದೆಯಾ?