ವರ್ಡೆಲ್ ಯಾರ ಪೈಕಿ?

ನಮ್ಮೂರಿನಲ್ಲಿ ಹೊಸಬರು ಕಣ್ಣಿಗೆ ಬಿದ್ದರೆ ಮೊದಲು ಕೇಳುವುದು ಹೆಸರನ್ನಲ್ಲ, ಕೆಲಸವನ್ನೂ ಅಲ್ಲ. 'ನೀವು ಯಾರ ಪೈಕಿ?' ಎಂದೇ ಕೇಳುತ್ತೇವೆ. ಪೋರ್ಟ್ ಲವಿನಿಯಾದಲ್ಲಿ ಹುಟ್ಟಿದವರು ಯಾರೇ ಆಗಲಿ, ಮುತ್ತಜ್ಜನಿಂದ ಶುರು ಮಾಡಿ ಉತ್ತರ ಕೊಡುತ್ತಾರೆ. ಕೇಳಿದವರ ಕಾಲು ನೋಯಲು ಶುರುವಾದರೂ ಬಿಡುವುದಿಲ್ಲ. ವರ್ಡೆಲ್ ಪೂಲ್ ಒಬ್ಬಳು ಮಾತ್ರ ಈ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಒಲೆ ನೋಡಿ ಬರುತ್ತೇನೆಂದು ಎದ್ದು ಹೋಗುತ್ತಿದ್ದಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ.

ಅವಳ ಮನೆ ನಮ್ಮ ಮನೆಗೆ ಎದುರು. ಬಿಳಿಯರ ಹೋಟೆಲುಗಳು ನಮ್ಮವರಿಗೆ ಬಾಗಿಲು ತೆರೆಯದಿದ್ದ ಕಾಲದಲ್ಲಿ ಅವಳ ಅಜ್ಜ, ಬಡಗಿ ಏಮಸ್ ಟಾಲಿವರ್, ತನ್ನ ಕೈಯಾರೆ ಕಟ್ಟಿದ ಎರಡಂತಸ್ತಿನ ಮರದ ಮನೆ. ರೈಲಿನ ಹಮಾಲರು, ಚೆಂಡಾಟದವರು, ಪಾದ್ರಿಗಳು, ತುತ್ತೂರಿ ಊದುವವರು, ನದಿ ದಾಟಿ ಬಂದ ಕಪ್ಪು ಜನ ಯಾರಾದರೂ ಸರಿ, ಇಳಿಯುತ್ತಿದ್ದುದು ಅಲ್ಲೇ. ಊರಿನವರು ಈಗಲೂ ಅದನ್ನು ಟಾಲಿವರ್ ಮನೆ ಎಂದೇ ಕರೆಯುತ್ತಾರೆ. ಈಗ ಬಿಳಿಯರೂ ತಿಂಗಳು ಮೊದಲೇ ಕೋಣೆ ಕಾದಿರಿಸಿ ಬಂದು ಆ ಹಳೆಯ ಮಂಚಗಳ ಮೇಲೆ ಮಲಗುತ್ತಾರೆ.

'ಚರಿತ್ರೆ ಮೇಲೆ ಮಲಗ್ತೀವಿ ಅಂತ ಅವರಿಗೆ ಖುಷಿ ಕಣೆ ಜೂನಿ. ಬೆನ್ನು ಹಿಡ್ಕೊಂಡ್ರೂ ಬಾಯಿ ಬಿಡಲ್ಲ,' ಎಂದು ವರ್ಡೆಲ್ ನನ್ನೆದುರು ನಗುತ್ತಿದ್ದಳು.

ಏಮಸ್ ಉಯಿಲು ಬರೆಯದೆ ಸತ್ತ. ಆ ಕಾಲದ ನಮ್ಮ ಜನ ಕಚೇರಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತಿದವರು ಇದ್ದದ್ದನ್ನೂ ಕಳೆದುಕೊಂಡು ಬರುತ್ತಿದ್ದರು. ಅವನ ಏಳು ಮಕ್ಕಳಲ್ಲಿ ವರ್ಡೆಲಳ ಅಪ್ಪನನ್ನು ಬಿಟ್ಟು ಎಲ್ಲರೂ ಶಿಕಾಗೋ, ಡೆಟ್ರಾಯಿಟ್, ಓಕ್ಲೆಂಡ್ ಎಂದು ಚದುರಿಹೋದರು. ಹೀಗಾಗಿ ಅದು ಪಾಲಾಗದೆ ಉಳಿದ ಮನೆ. ಹುಟ್ಟಿದ್ದು, ಬೆಳೆದದ್ದು, ಗಂಡನನ್ನು ಮಣ್ಣಿಗೆ ಕಳಿಸಿದ್ದು ಎಲ್ಲವೂ ಅದೇ ಮನೆಯಿಂದಾದರೂ, ಕಾನೂನಿನ ಕಣ್ಣಿನಲ್ಲಿ ಅದು ಎಷ್ಟು ವರ್ಡೆಲಳದೋ ಅಷ್ಟೇ ಅವಳು ಮುಖ ನೋಡದ ದಾಯಾದಿಗಳದೂ ಹೌದು. ಅವರಲ್ಲಿ ಯಾರಾದರೂ ಒಬ್ಬರು ತಮ್ಮ ಚೂರು ಪಾಲನ್ನು ಹೊರಗಿನವನಿಗೆ ಮಾರಿದರೆ ಮುಗಿಯಿತು. ಆ ಹೊರಗಿನವನು ನ್ಯಾಯಾಲಯಕ್ಕೆ ಹೋಗಿ ಇಡೀ ಮನೆಯನ್ನೇ ಹರಾಜಿಗೆ ಹಾಕಿಸಬಹುದು.

ಇದು ಸುಮ್ಮನೆ ಹೆದರಿಕೆಯಲ್ಲ. ನಮ್ಮ ಬೀದಿಯ ತುದಿಯ ಪ್ರೂಯಿಟ್ ಮನೆ ಹೀಗೆಯೇ ಹೋಯಿತು. ಆ ಮನೆಯ ಬಣ್ಣ ಕೂಡ ಗೊತ್ತಿಲ್ಲದ ಸೋದರಳಿಯನೊಬ್ಬ ಎಲ್ಲೋ ಕೂತು ಸಹಿ ಹಾಕಿದ. ಇವತ್ತು ಪ್ರೂಯಿಟ್ ಅಜ್ಜಿ ಮಗಳ ಮನೆಯ ಹಿಂದಿನ ಕೋಣೆಯಲ್ಲಿದ್ದಾಳೆ, ಅವಳ ಅಡುಗೆಮನೆಯಲ್ಲಿ ಯಾರೋ ದ್ರಾಕ್ಷಾರಸ ಮಾರುತ್ತಿದ್ದಾರೆ. ನೆನೆದರೆ ನನಗೆ ಮೈ ಉರಿಯುತ್ತದೆ.

ವರ್ಡೆಲ್ ಮೊದಲಿಂದಲೂ ಬಾಯಿ ಬಿಗಿದವಳಲ್ಲ. ಕೆಲವು ವರ್ಷಗಳ ಹಿಂದೆ ಸಕ್ಕರೆಯಂಥ ಮಾತಿನ ಹುಡುಗಿಯೊಬ್ಬಳು ಬಂದು, ತಾನು ಹಳೆಯ ವಸತಿಮನೆಗಳ ಬಗ್ಗೆ ಓದುತ್ತಿದ್ದೇನೆ ಎಂದಳು. ವರ್ಡೆಲ್ ಅಂಜೂರದ ಮುರಬ್ಬ ಬಡಿಸುತ್ತ ಬಡಿಸುತ್ತ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು ಎಲ್ಲೆಲ್ಲಿದ್ದಾರೆಂದು ಹೇಳಿಬಿಟ್ಟಳು. ಸ್ವಲ್ಪ ದಿನಕ್ಕೇ ಓಕ್ಲೆಂಡಿನ ದಾಯಾದಿಗಳಿಗೆ ಯಾರೋ ಆಸ್ತಿ ಕೊಳ್ಳುವವನಿಂದ ಫೋನು ಹೋಯಿತು: ನಿಮ್ಮ ಪಾಲು ಮಾರುತ್ತೀರಾ? ಪುಣ್ಯಕ್ಕೆ ಅವರು ಬೈದು ಫೋನಿಟ್ಟರು. ಅಲ್ಲಿಂದ ಮುಂದೆ ವರ್ಡೆಲ್ ಯಾರ ಪೈಕಿಯೂ ಅಲ್ಲದವಳಾದಳು. ಗಂಡನ ಮನೆತನದ ಪೂಲ್ ಎಂಬ ಹೆಸರನ್ನೇ ಶಾಲಿನಂತೆ ಹೊದ್ದುಕೊಂಡು, 'ನಾನು ಬರೀ ಮನೆ ನೋಡ್ಕೊಳೋಳು' ಎನ್ನತೊಡಗಿದಳು. ನಾವು ಬೀದಿಯವರೂ ಜೊತೆಗೂಡಿ ಬಾಯಿಗೆ ಬೀಗ ಹಾಕಿಕೊಂಡೆವು.

ಲೂಷಸ್ ಹ್ಯಾಚೆಟ್ ಬಂದದ್ದು ಆಮೇಲೆ. ಅವನನ್ನು ಮೊದಲು ನೋಡಿದ್ದು ನಾನೇ. ನದಿಯ ದಿಬ್ಬದ ಮೇಲಿರುವ ಆಶ್‌ಲೆನ್ ಮಹಲಿನಲ್ಲಿ ನಾನು ಟಿಕೆಟ್ ಹರಿಯುತ್ತೇನೆ, ಜನ ಹೆಚ್ಚಾದರೆ ಒಳಗೂ ಸುತ್ತಾಡಿಸುತ್ತೇನೆ. ಒಳಗೆ ಬಂದವರೆಲ್ಲ ತಲೆಯೆತ್ತಿ ದೀಪದ ಗೊಂಚಲು ನೋಡಿ ಬಾಯಿ ತೆರೆಯುವುದು ವಾಡಿಕೆ. ಇವನು ಅದರ ಕಡೆ ತಿರುಗಲೂ ಇಲ್ಲ. ನಮ್ಮ ಹಾಗೆ ಕಪ್ಪು ಮನುಷ್ಯನೇ, ಅರವತ್ತು ದಾಟಿದವನು, ಗರಿಗರಿ ಅಂಗಿ. ನೇರ ಮೆಟ್ಟಿಲ ಬಳಿ ಹೋಗಿ ಮರದ ಕೈಹಿಡಿಯನ್ನು ಸವರಿದ, ಬಗ್ಗಿ ಅದರ ಅಡಿಯನ್ನು ನೋಡಿದ.

'ಇದನ್ನ ಕಟ್ಟಿದ್ದು ಯಾರಮ್ಮ?'

'ಕರ್ನಲ್ ಆಶ್‌ಲೆನ್ ಅವರು,' ಎಂದೆ. ನಮಗೆ ಕಲಿಸಿದ ಪಾಠ ಅದು.

'ಓಹೋ. ಕರ್ನಲ್ ಸಾಹೇಬ್ರಿಗೆ ಉಳಿ ಹಿಡಿಯೋಕೆ ಬರ್ತಿತ್ತಾ?'

ನನಗೆ ರೇಗಿತು. ಇಂಥ ಪ್ರಶ್ನೆ ಕೇಳುವವರು ಒಂದೋ ಪತ್ರಿಕೆಯವರು, ಇಲ್ಲ ಆಸ್ತಿಯ ಮೇಲೆ ಕಣ್ಣಿಟ್ಟವರು. ಎಲ್ಲಿ ಇಳಿದುಕೊಂಡಿದ್ದೀರಿ ಎಂದೆ. ಟಾಲಿವರ್ ಮನೆ ಎಂದ. ಅವನು ಹಿತ್ತಿಲಿಗೆ ಇಳಿದದ್ದೇ ತಡ, ವರ್ಡೆಲಳಿಗೆ ಫೋನ್ ಮಾಡಿದೆ.

ಮರುದಿನ ಬೆಳಿಗ್ಗೆ ಹಿಟ್ಟು ಕೇಳುವ ನೆಪದಲ್ಲಿ ಹೋಗಿ ಅವಳ ಅಡುಗೆಮನೆಯಲ್ಲೇ ಕೂತೆ. ಹ್ಯಾಚೆಟ್ ತಿಂಡಿಗೆ ಬಂದ. ವರ್ಡೆಲ್ ಬೆಣ್ಣೆ ಹಾಕಿದ ಜೋಳದ ಗಂಜಿ ಮುಂದಿಟ್ಟಳು. ಅವನು ಉಪ್ಪು ಮೆಣಸನ್ನು ಪಕ್ಕಕ್ಕೆ ಸರಿಸಿ, ಅದರ ಮೇಲೆ ಚಮಚಗಟ್ಟಲೆ ಸಕ್ಕರೆ ಸುರಿದುಕೊಂಡ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಕಡೆಯಲ್ಲಿ ಗಂಜಿಗೆ ಸಕ್ಕರೆ ಹಾಕುವವರಿಗೆ ಮಗಳನ್ನು ಕೊಡುವ ಮೊದಲು ಎರಡು ಸಲ ಯೋಚಿಸುತ್ತಾರೆ.

'ಒಳ್ಳೆ ಗಟ್ಟಿ ಮನೆ,' ಎಂದ ಅವನು. 'ನೀವು ಏಮಸ್ ಟಾಲಿವರ್ ಪೈಕಿಯವರಾ ಮಿಸ್ ವರ್ಡೆಲ್?'

'ಅಯ್ಯೋ, ನಾನೆಲ್ಲಿ, ಅವರೆಲ್ಲಿ! ನಾನು ಹೊರಗಿನೋಳು. ಮನೆ ನೋಡ್ಕೊಳೋಕೆ ಇದೀನಿ ಅಷ್ಟೆ.'

'ಹಾಗಾದ್ರೆ ಅವರ ಕಡೆಯವರು?'

'ಯಾರೂ ಉಳಿದಿಲ್ಲ. ಎಲ್ಲಾ ಸತ್ರೋ, ಎಲ್ಲಿಗೆ ಹೋದ್ರೋ. ಇನ್ನೊಂದು ಮೊಟ್ಟೆ ಹಾಕ್ಲಾ?'

ಹೆತ್ತಪ್ಪನ ಅಪ್ಪನನ್ನು, ಅವನೇ ಕಟ್ಟಿದ ಸೂರಿನ ಕೆಳಗೆ ನಿಂತು, ಮೊಟ್ಟೆ ಹುರಿಯುತ್ತ ಅಲ್ಲಗಳೆದಳು. ದನಿ ಒಂದಿಷ್ಟೂ ನಡುಗಲಿಲ್ಲ. ನನಗೆ ಮೆಚ್ಚುಗೆಯಾಯಿತು, ಎದೆಯೊಳಗೆ ಚುರುಕ್ ಎಂದೂ ಅನ್ನಿಸಿತು.

ಅವನು ಅಷ್ಟಕ್ಕೆ ಬಿಡಲಿಲ್ಲ. ಬೆಳಿಗ್ಗೆ ಎಲ್ಲ ಪ್ರವಾಸಿಗಳ ಹಾಗೆ ಹಳೆಯ ಕೋಟೆ, ಹತ್ತಿ ಇಳಿಸುತ್ತಿದ್ದ ಕಟ್ಟೆ, ಇಟ್ಟಿಗೆಯ ಚರ್ಚು ಎಂದು ಸುತ್ತಿ ಬರುತ್ತಿದ್ದ. ಮಧ್ಯಾಹ್ನ ಬಂದವನೇ ಮನೆಯ ಗೋಡೆಗಳನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದ. ಒಂದು ದಿನ ಆ ಗರಿಗರಿ ಅಂಗಿಯಲ್ಲೇ ಟಾರ್ಚು ಹಿಡಿದು ಮನೆಯ ಮರದ ನೆಲಕ್ಕೂ ಮಣ್ಣಿಗೂ ನಡುವಿನ ಸಂದಿಯಲ್ಲಿ ತೆವಳಿಕೊಂಡು ಹೋದ.

'ನೋಡೇ, ನೋಡೇ! ಬುಡ ಅಳೀತಿದಾನೆ,' ಎಂದು ವರ್ಡೆಲ್ ಕಿಟಕಿಯಿಂದ ಪಿಸುಗುಟ್ಟಿದಳು.

'ಹಾವು ಕಚ್ಲಿ.'

'ಹಾಗನ್ಬೇಡ ಕಣೇ. ನಮ್ಮನೇಲಿ ಸತ್ರೆ ಅದಕ್ಕೊಂದು ಕೋರ್ಟು ಕಚೇರಿ.'

ಕ್ಷೌರದಂಗಡಿಯಲ್ಲೂ ಅವನು ಟಾಲಿವರ್ ಪೈಕಿಯವರನ್ನು ವಿಚಾರಿಸಿದನಂತೆ. ಅಲ್ಲಿ ಕೂತಿದ್ದವರು ಯಾರೂ ಇಲ್ಲವೆಂದು ಮೀನಿನ ವಿಷಯ ಮಾತಾಡಿ ಕಳಿಸಿದರು. ವರ್ಡೆಲ್ ಮಾತ್ರ ಬಡವಾದಳು. ಅನ್ನ ಸೇರದು. ಪಾತ್ರೆ ತೊಳೆಯುತ್ತ ತೊಳೆಯುತ್ತ ಅಲ್ಲೇ ನಿಂತುಬಿಡುತ್ತಿದ್ದಳು. 'ಈ ವಯಸ್ಸಲ್ಲಿ ಯಾರ ಮನೆ ಹಿಂದಿನ ಕೋಣೆಗೆ ಹೋಗ್ಲೇ ನಾನು? ನಂಗೆ ಮಗಳೂ ಇಲ್ಲ,' ಎಂದಳು ಒಮ್ಮೆ. ನಾನು ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು ತೊಳೆದಿಟ್ಟೆ.

ಅವನು ಹೊರಡುವ ದಿನ ಬಂತು. ವರ್ಡೆಲ್ ಜಗಲಿಯಲ್ಲಿ ನಿಂತಿದ್ದಳು, ನಾನು ಉಯ್ಯಾಲೆಯ ಮೇಲೆ ಕೂತು ಅವಳ ಬಟಾಣಿ ಸುಲಿಯುತ್ತಿದ್ದೆ. ಕೆಲಸ ಕೈಗೆ, ಗಮನವೆಲ್ಲ ಕಿವಿಯಲ್ಲಿ. ಹ್ಯಾಚೆಟ್ ಚೀಲವನ್ನು ಕಾರಿಗೆ ಹಾಕಿ ಬಂದು ಕೀಲಿಕೈ ಕೊಟ್ಟ.

'ಉಪಕಾರ ಆಯ್ತು ಮಿಸ್ ವರ್ಡೆಲ್. ಮನಸ್ಸು ಹಗುರ ಆಯ್ತು. ನಿಜ ಹೇಳ್ಬೇಕು ಅಂದ್ರೆ, ಒಬ್ಬ ಮನುಷ್ಯ ಹೋದ ವರ್ಷದಿಂದ ನನಗೆ ಫೋನ್ ಮಾಡ್ತಾನೇ ಇದಾನೆ. ಈ ಮನೇಲಿ ನಮ್ಮಮ್ಮನ ಪಾಲಿದೆಯಂತೆ, ಕೊಡಿ ಅಂತಾನೆ. ಟಾಲಿವರ್ ಪೈಕಿ ಅಲ್ಲಿ ಯಾರೂ ಇಲ್ಲ, ಯಾರೋ ಹೊರಗಿನೋರು ಲಾಡ್ಜಿಂಗ್ ನಡೆಸ್ತಾರೆ ಅಂದ. ನಾನು ನಂಬಲಿಲ್ಲ. ನಮ್ಮೋರು ಒಬ್ಬರಾದ್ರೂ ಇದ್ರೆ ಅವರ ತಲೆ ಮೇಲಿನ ಸೂರನ್ನ ಮಾರಬಾರದಲ್ಲ, ಅದಕ್ಕೇ ಬಂದೆ. ನೀವೂ ಅದನ್ನೇ ಹೇಳಿದ್ರಿ, ಊರೂ ಅದನ್ನೇ ಹೇಳ್ತು. ಇನ್ನು ಸಹಿ ಹಾಕಿದ್ರೆ ಪಾಪ ಇಲ್ಲ.'

ನನ್ನ ಮಡಿಲಿಂದ ಬಟಾಣಿ ಉರುಳಿಹೋಯಿತು. ಅವನು ಕಾರಿನ ಬಾಗಿಲು ತೆರೆದಾಗ ವರ್ಡೆಲ್ ಕೂಗಿದಳು.

'ನಾನಿದೀನಿ! ನಾನೇ! ಏಮಸ್ ಮೊಮ್ಮಗಳು ನಾನು!'

ಅವನು ತಿರುಗಿ ನೋಡಿದ. ಮುಖದಲ್ಲಿದ್ದ ಸೌಜನ್ಯ ಆರಿಹೋಗಿತ್ತು.

'ಮೊಟ್ಟೆ ಹುರಿಯೋವಾಗ ಆಗಿರ್ಲಿಲ್ಲ. ಪಾಲು ಅಂದ ತಕ್ಷಣ ಆಗ್ಬಿಟ್ರಾ?'

'ನಿಮ್ಮನ್ನ ಆ ಫೋನ್ ಮಾಡೋರ ಕಡೆಯೋರು ಅಂದ್ಕೊಂಡೆ ಕಣಪ್ಪ.'

'ಈಗ ನಾನು ನಿಮ್ಮನ್ನ ಏನಂದ್ಕೊಳ್ಳಿ?'

'ಅವಳು ಹೇಳೋದು ನಿಜ ರೀ, ನಾನು ಸಾಕ್ಷಿ,' ಎಂದು ನಾನು ಎದ್ದೆ.

'ನೀವಾ? ಕರ್ನಲ್ ಉಳಿ ಹಿಡಿದು ಮೆಟ್ಟಿಲು ಕಟ್ಟಿದ ಅಂದೋರು! ಅದನ್ನ ಮಾಡಿದ್ದು ನಮ್ಮಜ್ಜ ಅಂತ ನಮ್ಮಮ್ಮ ಹೇಳಿ ಹೇಳಿ ಸತ್ಲು.'

ನಾನು ಕೂತೆ.

ವರ್ಡೆಲ್ ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಇಷ್ಟು ವರ್ಷ ನುಂಗಿಟ್ಟುಕೊಂಡದ್ದೆಲ್ಲ ಬೀದಿಗೆ ಕೇಳುವ ಹಾಗೆ ಹೊರಬಂತು. 'ಏಮಸ್ ಮತ್ತೆ ಐಡೆಲ್ಲಾ. ಅವರ ಎರಡನೇ ಮಗ ಹೊಸೇಯ, ಅವನ ಒಬ್ಬಳೇ ಮಗಳು ನಾನು. ಅವನ ತಮ್ಮಂದಿರು ಲೆಮ್ಯುಯೆಲ್, ಟೈಟಸ್...' ಎದುರುಮನೆಗಳ ಜಾಲರಿ ಬಾಗಿಲುಗಳು ಒಂದೊಂದಾಗಿ ತೆರೆದವು. ಅವನು ಕಾರಿಗೆ ಒರಗಿ ಕೇಳಿಸಿಕೊಂಡ.

'ಇದನ್ನೆಲ್ಲ ಸ್ಮಶಾನದ ಕಲ್ಲು ನೋಡಿದೋರು ಯಾರು ಬೇಕಾದ್ರೂ ಹೇಳ್ತಾರೆ,' ಎಂದ. 'ನಾನೂ ಮೊನ್ನೆ ಓದ್ಕೊಂಡು ಬಂದೆ. ಒಂದೇ ಒಂದು ಕೇಳ್ತೀನಿ. ಆ ಮನೆಯ ಹಿರೀ ಮಗಳು ನಮ್ಮಮ್ಮ. ಅವಳ ಹೆಸರೇನು?'

ಏನಾದರೊಂದು ಹೆಸರು ಹೇಳೇ, ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಪರ್ಲ್ ಅಂತ ಹೇಳು, ರೂಬಿ ಅಂತ ಹೇಳು, ಆ ಕಾಲದ ಹೆಣ್ಣುಮಕ್ಕಳೆಲ್ಲ ಅವೇ ಹೆಸರಿನವರು, ಕಣ್ಣುಮುಚ್ಚಿ ಹೊಡೆದರೂ ತಗಲುತ್ತದೆ.

'ಗೊತ್ತಿಲ್ಲ,' ಎಂದಳು ವರ್ಡೆಲ್.

'ಗೊತ್ತಿಲ್ಲ?'

'ನಂಗೊಬ್ಬಳು ಸೋದರತ್ತೆ ಇದ್ಲು ಅಂತ ಗೊತ್ತು. ಇಲ್ಲೇ ಇಳ್ಕೊಂಡಿದ್ದ ತುತ್ತೂರಿಯೋನ ಜೊತೆ ಓಡಿಹೋದ್ಲು. ಆಮೇಲೆ ಈ ಮನೇಲಿ ಅವಳ ಹೆಸರು ಎತ್ತಬಾರದು ಅಂತ ಅಜ್ಜ ಅಪ್ಪಣೆ ಮಾಡಿದ್ನಂತೆ. ಅವಳ ಕಲ್ಲೂ ಇಲ್ಲ ಅಲ್ಲಿ. ಅಜ್ಜಿ ದಿನಾ ಪ್ರಾರ್ಥನೇಲಿ ಮಕ್ಕಳ ಹೆಸರು ಹೇಳೋಳು. ಆರು ಹೆಸರು ಹೇಳಿ, ಸುಮ್ನೆ ನಿಂತ್ಕೊಂಡು, ಆಮೇಲೆ ಆಮೆನ್ ಅನ್ನೋಳು. ಯಾರಜ್ಜಿ ಅದು, ಯಾರಿಗೋಸ್ಕರ ನಿಲ್ತೀಯ ಅಂತ ಒಂದ್ಸಲ ಕೇಳಿದ್ದಕ್ಕೆ ಅಪ್ಪ ಕೆನ್ನೆಗೆ ಬಾರಿಸಿದ. ಸಾಯೋವರೆಗೂ ಹೇಳಲಿಲ್ಲ ಅವನು. ನಾನು ಸುಳ್ಳು ಹೇಳಿದ್ದು ಸಾಕಪ್ಪ. ನಿಮ್ಮಮ್ಮನ ಹೆಸರು ನಂಗೆ ಗೊತ್ತಿಲ್ಲ.'

ಹ್ಯಾಚೆಟ್ ಕಾರಿನ ಬಾಗಿಲು ಮುಚ್ಚಿದ.

'ಸುಮ್ನೆ ನಿಲ್ತಿದ್ಲಾ?' ಎಂದು ಕೇಳಿದ. ದನಿ ಬೇರೆಯಾಗಿತ್ತು.

'ಹೂಂ. ಉಸಿರು ಎಳ್ಕೊಳೋ ಅಷ್ಟು ಹೊತ್ತು.'

ಅವನು ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. 'ಅಮ್ಮ ಹೇಳ್ತಿದ್ಲು. ಅಲ್ಲಿಗೆ ಹೋದ್ರೆ ನನ್ನ ಹೆಸರು ಹೇಳ್ಬೇಡ, ಆ ಮನೇಲಿ ಹುಟ್ಟಿದೋರಿಗೆ ನನ್ನ ಹೆಸರು ಗೊತ್ತಿರೋದಿಲ್ಲ ಅಂತ. ಗೊತ್ತು ಅಂತ ನೀವು ಅಂದಿದ್ರೆ ಹೊರಗಿನೋರೇ ಅಂದ್ಕೊಂಡು ನಾನು ಹೊರಟುಬಿಡ್ತಿದ್ದೆ.' ಕೈಯಿಂದ ಮುಖ ಒರೆಸಿಕೊಂಡ. 'ಓಜೆಲ್ಲಾ. ಓಜೆಲ್ಲಾ ಅಂತ.'

ವರ್ಡೆಲ್ ಅವನ ಪಕ್ಕದಲ್ಲಿ ಕೂತು ಆ ಹೆಸರನ್ನು ಮೆಲ್ಲಗೆ ಹೇಳಿದಳು. ಇನ್ನೊಂದು ಸಲ ಹೇಳುವಾಗ ಅಳು ಬಂತು. ಬೀದಿಯವರು ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಇಬ್ಬರೂ ಅತ್ತರು, ನಾನೂ ಅತ್ತೆ. ಸಹಿ ಹಾಕುವುದಿಲ್ಲ ಎಂದು ಅವನು ಮಾತು ಕೊಟ್ಟ. ಮಾತೇನೋ ಸರಿ, ಆದರೂ ನಾನು ಅವನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿಕೊಂಡೆ.

ವರ್ಡೆಲ್ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು.

'ಎಷ್ಟು ಜನ ಮಕ್ಕಳು ನಿಂಗೆ?'

'ನಾಲ್ಕು.'

'ನಿನ್ನ ಮಾತು ಕೇಳ್ತಾರಾ?'

'ಇಬ್ಬರು ಕೇಳ್ತಾರೆ.'

'ನಾಲ್ಕೂ ಜನರನ್ನ ಕರ್ಕೊಂಡು ಬಾ,' ಎಂದಳು ವರ್ಡೆಲ್. 'ನೀನು ಕಣ್ಣು ಮುಚ್ಚಿದ ಮಾರನೇ ದಿನ ಆ ಮನುಷ್ಯ ಅವರಿಗೆ ಫೋನ್ ಮಾಡ್ತಾನೆ. ಅಷ್ಟರೊಳಗೆ ಅವರು ಈ ಮನೇಲಿ ಉಂಡು ಮಲಗಿ ಎದ್ದಿರ್ಬೇಕು.'